ನಮ್ಮ ಬೇಲಿ, ಅವರ ಬೇಲಿ

2024ರ ನವೆಂಬರಿನಲ್ಲಿ ಟ್ರಂಪ್ ಗೆದ್ದಾಗ ಹೊನ್ನಾಳಿಯ ಟೀ ಅಂಗಡಿಯ ಬೆಂಚಿನಲ್ಲಿ ಕೂತು ಖುಷಿಪಟ್ಟವರಲ್ಲಿ ನಾನೂ ಒಬ್ಬ. ನುಸುಳುಕೋರರನ್ನು ಹೊರಹಾಕುತ್ತೇನೆ ಎಂದು ಹೇಳಿಯೇ ಗೆದ್ದ ಮನುಷ್ಯ. ದೇಶಕ್ಕೆ ಗಡಿ ಬಿಗಿಯಾಗಿರಬೇಕು ಎನ್ನುವ ನನ್ನಂಥ ಬಲಪಂಥೀಯನಿಗೆ ಇನ್ನೇನು ಬೇಕು? 2025ರ ಸೆಪ್ಟೆಂಬರಿನಲ್ಲಿ ಅದೇ ಟ್ರಂಪ್ ಹೊಸ ಎಚ್‌-1ಬಿ ಅರ್ಜಿಗಳಿಗೆ ಒಂದು ಲಕ್ಷ ಡಾಲರ್ ಶುಲ್ಕ ಹೇರಿದರು. ನಮ್ಮ ಬೆಂಚು 'ಅನ್ಯಾಯ' ಎಂದಿತು.

ಏನು ಅನ್ಯಾಯ? 2024ರ ಜುಲೈನಲ್ಲಿ ರಾಜ್ಯದ ಸಂಪುಟ ಖಾಸಗಿ ಕಂಪನಿಗಳ ಆಡಳಿತ ಹುದ್ದೆಗಳಲ್ಲಿ ಶೇ. 50, ಉಳಿದವುಗಳಲ್ಲಿ ಶೇ. 70 ಸ್ಥಳೀಯರಿಗೆ ಎಂಬ ಮಸೂದೆಗೆ ಒಪ್ಪಿಗೆ ಕೊಟ್ಟಾಗ, ತಂದದ್ದು ಕಾಂಗ್ರೆಸ್ ಎಂಬುದನ್ನೂ ಮರೆತು ಇದೇ ಬೆಂಚು ಚಪ್ಪಾಳೆ ತಟ್ಟಿತ್ತು. ಉದ್ಯಮಿಗಳು ಗದ್ದಲ ಮಾಡಿದರು, ಎರಡೇ ದಿನದಲ್ಲಿ ಸರ್ಕಾರ ಅದನ್ನು ತಡೆಹಿಡಿಯಿತು, ಬೈದದ್ದೂ ನಾವೇ. ಬಿಹಾರದವರಾದರೂ ಈ ದೇಶದ ಪ್ರಜೆಗಳು. ಎಲ್ಲಿ ಬೇಕಾದರೂ ದುಡಿಯುವ ಹಕ್ಕನ್ನು ಅವರಿಗೆ ಸಂವಿಧಾನವೇ ಕೊಟ್ಟಿದೆ. ಡಲ್ಲಾಸ್‌ನಲ್ಲಿ ನಮ್ಮ ಹುಡುಗ ಪರದೇಶಿ. ಅವರ ಮನೆ, ಅವರ ಬಾಗಿಲು.

ಗಡಿಯ ಮಾತನ್ನು ನಾನು ಬಿಟ್ಟುಕೊಡುವವನಲ್ಲ. ಜಗಳ ನನ್ನ ಪಕ್ಷದ ಜೊತೆಗೇ. ಪ್ರತಿ ಚುನಾವಣೆಯಲ್ಲೂ ಬಾಂಗ್ಲಾದೇಶದಿಂದ ಬರುವವರ ಬಗ್ಗೆ ಭಾಷಣ ಕೇಳಿದ್ದೇನೆ. ಹೊನ್ನಾಳಿಯಿಂದ ಹೋಗುವವರ ಬಗ್ಗೆ? ಓದಿದವನು ಬೆಂಗಳೂರಿಗೆ, ಅಲ್ಲಿಂದ ವೀಸಾ ಸಾಲಿಗೆ. ಓದದವರು, ನಮ್ಮ ತಾಂಡಾಗಳ ಜನ, ಮಕ್ಕಳನ್ನೂ ಕಟ್ಟಿಕೊಂಡು ಕಾಫಿ ತೋಟಗಳಿಗೆ ಗುಳೆ. ಸೇವಾಲಾಲರು ಹುಟ್ಟಿದ ಸೂರಗೊಂಡನಕೊಪ್ಪದ ಜಾತ್ರೆಗೆ ಎಲ್ಲ ಪಕ್ಷದವರೂ ಬಂದು ಕೈಮುಗಿಯುತ್ತಾರೆ. ಗುಳೆಯ ಮಾತೆತ್ತಿದರೆ ಕಾರು ಹತ್ತುತ್ತಾರೆ.

ಮುಂದಿನ ಸಲ ನಮ್ಮವರು ವೋಟು ಕೇಳಲು ಬಂದಾಗ ಬೆಂಚಿನ ಮೇಲೆ ಕೂತೇ ಇರುತ್ತೇನೆ. ಕೇಳುವುದು ಇದನ್ನೇ.