ಪವರ್ ಏರಿಸೋ ಮುಂಚೆ ಏರ್ ಫಿಲ್ಟರ್ ಬಿಚ್ಚಿ ನೋಡಿ

ಎಡದಂಡೆ ಕಾಲುವೆಗೆ ನೀರು ಬಿಟ್ಟರೆ ಸಾಕು, ಮುನಿರಾಬಾದ್‌ನಿಂದ ಗಂಗಾವತಿವರೆಗೆ ಟ್ರ್ಯಾಕ್ಟರ್‌ಗಳಿಗೆ ಬಿಡುವೇ ಇರಲ್ಲ. ಅದೇ ಹೊತ್ತಿಗೆ ಮೊಬೈಲ್‌ನಲ್ಲಿ ರೀಲ್ಸ್ ಶುರು: ಫಿಲ್ಟರ್ ಕಿತ್ತು ಹಾಕಿ, ಸೆನ್ಸರ್‌ಗೆ ಬಾಕ್ಸ್ ಕೂಡಿಸಿ, ಹತ್ತು ಎಚ್‌ಪಿ ಜಾಸ್ತಿ! ನನ್ನ ಮಾತು ನೇರ: ಹೊಲದಲ್ಲಿ ದುಡಿಯೋ ಟ್ರ್ಯಾಕ್ಟರ್‌ಗೆ ಇದು ಬೇಡ.

ಯಾಕಂದ್ರೆ ನಾನೂ ಮಾಡಿಸಿದ್ದೆ. ತೋಟಗಾರಿಕೆ ಪದವಿ ಮುಗಿಸಿ ಸಾವಯವಕ್ಕೆ ಇಳಿದ ಹೊಸದರಲ್ಲಿ ಹಳೇ ಟ್ರ್ಯಾಕ್ಟರ್ ತಗೊಂಡೆ. ರೋಟಾವೇಟರ್ ಜಗ್ಗೋಕೆ ದಮ್ ಸಾಲಲ್ಲ ಅಂತ ಪಂಪ್‌ನಲ್ಲಿ ಡೀಸೆಲ್ ಹೆಚ್ಚು ಮಾಡಿಸಿದೆ, ಗಾಳಿ ಸಲೀಸಾಗಲಿ ಅಂತ ಫಿಲ್ಟರ್‌ನ ಒಳಗಿನ ಎಲಿಮೆಂಟ್ ತೆಗೆಸಿದೆ. ಕೆಲವು ದಿನ ಖುಷಿಯೋ ಖುಷಿ. ಮುಂದಿನ ಬೇಸಿಗೆಗೆ ಎಂಜಿನ್ ಆಯಿಲ್ ಕುಡಿಯೋಕೆ ಶುರುವಾಯ್ತು. ಸರಿಯಾಗಿ ನಾಟಿ ಹೊತ್ತಿಗೆ ಗಾಡಿ ಗ್ಯಾರೇಜ್‌ನಲ್ಲಿ, ರಿಂಗ್ ಮತ್ತು ಲೈನರ್ ಎರಡೂ ಸವೆದಿದ್ದವು. ನಾನು ಬಾಡಿಗೆ ಟ್ರ್ಯಾಕ್ಟರ್‌ಗೆ ಕಾಯುತ್ತಾ ಕೂತೆ, ಸಸಿ ಮಡಿಯಲ್ಲೇ ಬಲಿತವು. ತಪ್ಪು ನಂದೇ.

ಲೆಕ್ಕ ನೋಡಿ. 1 ಲೀಟರ್ ಡೀಸೆಲ್ ಪೂರ್ತಿ ಉರಿಯೋಕೆ ಕಡಿಮೆ ಅಂದ್ರೂ ಸುಮಾರು 10 ಸಾವಿರ ಲೀಟರ್ ಗಾಳಿ ಬೇಕು. ಅಷ್ಟು ಗಾಳಿಯ ಜೊತೆ ನಮ್ಮ ಹೊಲದ ಧೂಳೂ ಒಳಗೆ ಹೋದ್ರೆ ಎಂಜಿನ್‌ಗೆ ಮರಳುಕಾಗದ ತಿಕ್ಕಿದ ಹಾಗೆ. ಗಾಳಿ ಅಷ್ಟೇ ಇದ್ದು ಡೀಸೆಲ್ ಮಾತ್ರ ಹೆಚ್ಚಿದರೆ ಉರಿಯದೇ ಉಳಿದದ್ದು ಕಪ್ಪು ಹೊಗೆ. ಅದು ಪವರ್ ಅಲ್ಲ, ನಿಮ್ಮ ದುಡ್ಡು.

2023ರ ಜನವರಿಯಿಂದ 50 ಎಚ್‌ಪಿ ಮೀರಿದ ಹೊಸ ಟ್ರ್ಯಾಕ್ಟರ್‌ಗಳಿಗೆ ಟ್ರೆಮ್ 4 ಹೊಗೆ ನಿಯಮ ಬಂತು. ಆಮೇಲೆ ಅವುಗಳಲ್ಲಿ ಕಾಮನ್ ರೈಲ್ ಎಂಜಿನ್, ಸೆನ್ಸರ್‌ಗಳು ಸಾಮಾನ್ಯವಾದವು. ಕೆಲವು ಬಾಕ್ಸ್‌ಗಳು ಮಾಡೋದಿಷ್ಟೇ: ‘ಡೀಸೆಲ್ ಒತ್ತಡ ಕಡಿಮೆ ಇದೆ’ ಅಂತ ಇಸಿಯುಗೆ ಸುಳ್ಳು ಹೇಳುತ್ತವೆ. ಅದು ನಂಬಿ ಒತ್ತಡ ಏರಿಸುತ್ತೆ. ಪವರ್ ಬರೋದು ಸುಳ್ಳಲ್ಲ, ಆದರೆ ಪಿಸ್ಟನ್, ಇಂಜೆಕ್ಟರ್, ಕ್ಲಚ್ ಮೇಲೆ ಬೀಳೋ ಹೊರೆ ತಡೆಯೋರು ಯಾರು? ವಾರಂಟಿ ಕೈ ತಪ್ಪಬಹುದು. ತಯಾರಕರು ಕೊಟ್ಟ ಮೂಲ ವಿವರ ಬದಲಾಗುವಂತೆ ವಾಹನ ತಿದ್ದಬಾರದು ಅಂತ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಕೂಡ ಹೇಳುತ್ತೆ.

ಹಾಗಾದ್ರೆ ದಮ್ ಕಡಿಮೆಯಾದ್ರೆ ಏನು ಮಾಡೋದು? ಮೊದಲು ಇಷ್ಟು ನೋಡಿ:

– ಆಯಿಲ್ ಬಾತ್ ಫಿಲ್ಟರ್ ಇದ್ರೆ ಕೆಸರಾದ ಆಯಿಲ್ ಬದಲಿಸಿ, ಗುರುತಿನ ಮಟ್ಟ ಮೀರಿಸಬೇಡಿ.
– ಡ್ರೈ ಫಿಲ್ಟರನ್ನು ಟೈರ್‌ಗೆ ಬಡಿಯಬೇಡಿ. ಕಡಿಮೆ ಒತ್ತಡದ ಗಾಳಿಯನ್ನು ಒಳಗಿನಿಂದ ಹೊರಕ್ಕೆ ಹೊಡೆಯಿರಿ. ಒಳಗಿನ ಸೇಫ್ಟಿ ಎಲಿಮೆಂಟ್ ತೊಳೆಯೋದಲ್ಲ, ಬದಲಿಸೋದು.
– ಫಿಲ್ಟರ್‌ನಿಂದ ಎಂಜಿನ್‌ಗೆ ಹೋಗೋ ಪೈಪ್ ಸೀಳಿದೆಯಾ, ಕ್ಲಿಪ್ ಸಡಿಲವಾ ನೋಡಿ.
– ಒಣ ಹೊಲದಲ್ಲಿ ಹಿಂದಿನ ಗಾಲಿ 10 ಸುತ್ತು ಹೋದಾಗ ಎಷ್ಟು ದೂರ ಸಾಗಿತು ಅಂತ ಅಳೆಯಿರಿ. ಒಮ್ಮೆ ನೇಗಿಲು ಎತ್ತಿ, ಒಮ್ಮೆ ಇಳಿಸಿ. ವ್ಯತ್ಯಾಸ ಶೇ. 15 ಮೀರಿದ್ರೆ ಕೊರತೆ ಎಂಜಿನ್‌ದಲ್ಲ, ಹಿಡಿತದ್ದು. ಟೈರ್ ಗಾಳಿ, ಗಾಲಿ ಮೇಲಿನ ತೂಕ ಸರಿಮಾಡಿ.

ಇಷ್ಟಾದ್ರೂ ಸಾಲದಿದ್ರೆ ಸಣ್ಣ ರೋಟಾವೇಟರ್ ಹಾಕಿ, ಇಲ್ಲಾ ದೊಡ್ಡ ಟ್ರ್ಯಾಕ್ಟರ್ ಬಾಡಿಗೆಗೆ ತನ್ನಿ.

ಯೂರಿಯಾ ಮೇಲೆ ಯೂರಿಯಾ ಸುರಿದ ಭತ್ತ ಕಪ್ಪಗೆ ಹಸಿರಾಗುತ್ತೆ, ಕೊಯ್ಲಿಗೆ ಮುಂಚೆ ಮಲಗುತ್ತೆ. ಅದು ನಮಗೆಲ್ಲ ಗೊತ್ತು. ಎಂಜಿನ್ ವಿಷಯದಲ್ಲಿ ಮಾತ್ರ ಯಾಕೆ ಮರೀತೀವಿ? ಈ ವಾರ ಫಿಲ್ಟರ್ ಒಮ್ಮೆ ಬಿಚ್ಚಿ ನೋಡ್ರಿ.