ಸುವರ್ಣ ಸೌಧಕ್ಕೆ ಒಕ್ಕಲು ಬೇಕು

೨೦೨೨ನೆಯ ಇಸವಿಯ ಬೇಸಿಗೆಯಲ್ಲಿ ಬೆಳಗಾವಿಯ ಸುವರ್ಣ ವಿಧಾನ ಸೌಧದ ಒಂದು ಚಿತ್ರವು ಊರೂರಿಗೆ ಹರಡಿದ್ದನ್ನು ನಮ್ಮ ವಾಚಕರು ಮರೆತಿರಲಾರರು. ಆ ಭವ್ಯವಾದ ಕಟ್ಟಡದ ಮುಂದಿನ ಅಂಗಳದಲ್ಲಿ ಶಾವಿಗೆಯನ್ನು ಒಣಹಾಕಲಾಗಿತ್ತು. ಹಾಕಿದವಳು ಅಲ್ಲಿಯೇ ಕೂಲಿಗೆ ಬರುತ್ತಿದ್ದ ಒಬ್ಬ ಹೆಣ್ಣುಮಗಳು. ಬಿಸಿಲು ಹದವಾಗಿತ್ತು, ಕಲ್ಲುಹಾಸು ಶುಭ್ರವಾಗಿತ್ತು, ತುಳಿದಾಡುವವರಿರಲಿಲ್ಲ. ಶಾವಿಗೆ ಒಣಗಿಸಲಿಕ್ಕೆ ಅದಕ್ಕಿಂತ ಒಳ್ಳೆಯ ಠಾವು ಇಡಿಯ ತಾಲೂಕಿನಲ್ಲಿ ಸಿಕ್ಕಲಾರದು. ಯಾರೋ ತಮ್ಮ ಕೈಯೊಳಗಿನ ಫೋನಿನಲ್ಲಿ ಆ ನೋಟವನ್ನು ಹಿಡಿದರು. ನೋಡನೋಡುವಷ್ಟರಲ್ಲಿ ಅದನ್ನು ರಾಜ್ಯವೆಲ್ಲ ಕಂಡಿತು. ಅಧಿಕಾರಿಗಳಿಗೆ ಸಿಟ್ಟು ಬಂದಿತು. ಆಕೆಯನ್ನು ಕೆಲಸದಿಂದ ತೆಗೆದರು. ಜನರು ಛೀ ಎಂದ ಮೇಲೆ ಮರಳಿ ಕರೆದುಕೊಂಡರು.

ಶಾವಿಗೆಯಿಂದ ಸೌಧದ ಮಾನ ಹೋಯಿತೆಂದು ಬಗೆದವರ ವಿಷಯದಲ್ಲಿ ನಮಗೆ ಕನಿಕರವೆನಿಸುತ್ತದೆ. ಆ ಹೆಣ್ಣುಮಗಳು ಯಾರ ದಾರಿಗೂ ಅಡ್ಡ ಬಂದಿರಲಿಲ್ಲ; ಅಡ್ಡ ಬರಬೇಕಾದರೆ ಆ ದಾರಿಯಲ್ಲಿ ಯಾರಾದರೂ ನಡೆಯಬೇಕಷ್ಟೆ! ಬಿಟ್ಟ ಮನೆಯ ಅಂಗಳವನ್ನು ನೆರೆಹೊರೆಯವರು ಬಳಸಿಕೊಳ್ಳುವದು ನಮ್ಮ ಸೀಮೆಯ ಹಳೆಯ ರೂಢಿ. ಸೌಧವು ಬಿಟ್ಟ ಮನೆಯಂತಾದದ್ದು ಯಾರಿಂದ ಎಂಬದೇ ಅಂದು ಕೇಳಬೇಕಾಗಿದ್ದ ಪ್ರಶ್ನೆ. ಅದನ್ನು ಯಾರೂ ಕೇಳಲಿಲ್ಲ. ಕೂಲಿಯವಳ ವಿಚಾರಣೆ ಮಾತ್ರ ತಡವಿಲ್ಲದೆ ನಡೆಯಿತು.

ಹಲಗಾ ಬಸ್ತವಾಡಗಳ ನಡುವೆ, ಪುಣೆ-ಬೆಂಗಳೂರು ಹೆದ್ದಾರಿಯ ಬದಿಗೆ, ೧೨೭ ಎಕರೆ ನೆಲದಲ್ಲಿ, ಸುಮಾರು ೪೦೦ ಕೋಟಿ ರೂಪಾಯಿಗಳ ವೆಚ್ಚದಿಂದ ಎದ್ದು ನಿಂತ ಈ ಸೌಧವನ್ನು ೨೦೧೨ನೆಯ ಇಸವಿಯ ಅಕ್ಟೋಬರ ೧೧ರಂದು ಅಂದಿನ ರಾಷ್ಟ್ರಪತಿಗಳಾದ ಪ್ರಣವ ಮುಖರ್ಜಿಯವರು ಉದ್ಘಾಟಿಸಿದರು. ಅದನ್ನು ಕಟ್ಟಿದ್ದರ ಉದ್ದೇಶವು ಎರಡು ಬಗೆಯದು. ಬೆಳಗಾವಿಯು ತನಗೆ ಸೇರಬೇಕೆಂದು ಮಹಾರಾಷ್ಟ್ರವು ೨೦೦೪ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ದಾವೆ ಹೂಡಿತ್ತು. ಇಲ್ಲಿಯ ನೆಲವು ಕನ್ನಡ ರಾಜ್ಯದ್ದೆಂಬದನ್ನು ಕಲ್ಲಿನಲ್ಲಿ ಕಡೆದು ತೋರಿಸುವದು ಮೊದಲನೆಯದು. ಏಕೀಕರಣವಾದ ಮೇಲೂ ರಾಜ್ಯದ ಉತ್ತರ ಭಾಗದವರು ಸಣ್ಣ ಸಣ್ಣ ಕೆಲಸಕ್ಕೂ ೫೦೦ ಕಿಲೋಮೀಟರು ನಡೆದು ಬೆಂಗಳೂರಿನ ಬಾಗಿಲಲ್ಲಿ ಕಾಯಬೇಕಾಗಿ ಬಂದಿತಲ್ಲ, ಆ ದೂರನ್ನು ಹೋಗಲಾಡಿಸುವದು ಎರಡನೆಯದು. ೨೦೦೬ರಲ್ಲಿ ಕುಮಾರಸ್ವಾಮಿಯವರು ಮುಖ್ಯಮಂತ್ರಿಗಳಾಗಿದ್ದಾಗ ವಿಧಾನ ಮಂಡಲದ ಅಧಿವೇಶನವು ಮೊದಲ ಸಲ ಬೆಳಗಾವಿಯಲ್ಲಿ, ಕೆ.ಎಲ್.ಇ. ಸಂಸ್ಥೆಯ ಆವರಣದಲ್ಲಿ, ಕೂಡಿದಾಗ ಜನರಿಗೆ ಆದ ಹರ್ಷವು ಸುಳ್ಳಲ್ಲ. ಮೊದಲನೆಯ ಉದ್ದೇಶವು ಕಲ್ಲಿನಿಂದ ಸಾಧಿಸಿರಬಹುದು. ಎರಡನೆಯದು ಕಲ್ಲಿನಿಂದ ಸಾಧಿಸುವಂಥದಲ್ಲ. ಅದಕ್ಕೆ ಮನುಷ್ಯರು ಬೇಕು, ಸಹಿ ಮಾಡುವ ಅಧಿಕಾರವುಳ್ಳ ಮನುಷ್ಯರು ಬೇಕು.

ಅವರಾದರೂ ಬರುವದು ವರುಷಕ್ಕೊಮ್ಮೆ, ಚಳಿಗಾಲದ ಹತ್ತು ದಿನದ ಮಟ್ಟಿಗೆ. ೨೦೧೯ರಲ್ಲಿ ಅದೂ ಇಲ್ಲ, ೨೦೨೦ರಲ್ಲಿ ಅದೂ ಇಲ್ಲ. ಕೂಡಿದ ವರುಷ ನಡೆಯುವದಾದರೂ ಏನು? ಬೆಂಗಳೂರಿನಿಂದ ಕಾರುಗಳ ಸಾಲು ಬರುತ್ತದೆ, ನಗರದ ವಸತಿಗೃಹಗಳೆಲ್ಲ ತುಂಬುತ್ತವೆ, ಸಾವಿರಾರು ಪೋಲೀಸರು ಬಿಡಾರ ಹೂಡುತ್ತಾರೆ. ಹೊರಗೆ ಬಸ್ತವಾಡ ಕೊಂಡಸಕೊಪ್ಪಗಳ ಬಯಲಲ್ಲಿ ಚಳುವಳಿಗಾರರಿಗೆ ಡೇರೆಗಳನ್ನು ಹಾಕಿಕೊಡುತ್ತಾರೆ; ಮಂತ್ರಿಗಳು ಅಲ್ಲಿಗೆ ಬಂದು ಅರ್ಜಿಯನ್ನು ತೆಗೆದುಕೊಂಡು ಮರಳುತ್ತಾರೆ. ಒಳಗೆ ಬೆಂಗಳೂರಿನ ಜಗಳವೇ ಬೆಳಗಾವಿಯಲ್ಲಿ ಮುಂದುವರಿಯುತ್ತದೆ. ಉತ್ತರ ಕರ್ನಾಟಕದ ಪ್ರಶ್ನೆಗಳ ಮೇಲಿನ ಚರ್ಚೆಯು ಹಲವು ಸಲ ಕಡೆಯ ದಿನಗಳಿಗೆ ಬಂದು ಬೀಳುತ್ತದೆ. ಅಷ್ಟರಲ್ಲಿ ಅರ್ಧ ಸದಸ್ಯರ ಲಕ್ಷ್ಯವು ಊರಿಗೆ ಹೋಗುವ ಗಾಡಿಯ ಕಡೆಗಿರುತ್ತದೆ. ಹೀಗೆ ಹೋಗುವವರಲ್ಲಿ ನಮ್ಮ ಭಾಗದ ಶಾಸಕರೂ ಇರುತ್ತಾರೆಂಬದನ್ನು ಮುಚ್ಚಿಡುವದು ಸರಿಯಲ್ಲ.

ಹಿಂದಿನದನ್ನು ತುಸು ನೆನೆಯೋಣ. ೧೯೨೪ರ ಡಿಸೆಂಬರದಲ್ಲಿ ಇದೇ ಊರಿನಲ್ಲಿ, ಗಾಂಧೀಜಿಯವರು ಅಧ್ಯಕ್ಷತೆ ವಹಿಸಿದ ಏಕಮೇವ ಕಾಂಗ್ರೆಸ್ ಅಧಿವೇಶನವು ಜರುಗಿತು. ಗಂಗಾಧರರಾವ ದೇಶಪಾಂಡೆಯವರು ಅದರ ಭಾರವನ್ನು ಹೊತ್ತಿದ್ದರು. ಅದೇ ಸಮಯಕ್ಕೆ ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಕರ್ನಾಟಕ ಏಕೀಕರಣ ಪರಿಷತ್ತೂ ಕೂಡಿತು. ಮಹಾಸಭೆಯು ನಡೆದದ್ದು ಎರಡೇ ದಿನ. ಆದರೆ ನೆರೆದವರ ನೀರಿಗೆಂದು ತೋಡಿಸಿದ ಬಾವಿಯು, ಪಂಪಾ ಸರೋವರವೆಂದು ಹೆಸರಿಟ್ಟದ್ದು, ಟಿಳಕವಾಡಿಯಲ್ಲಿ ಇಂದಿಗೂ ಇದೆ. ಎರಡು ದಿನದ ಡೇರೆಯ ಸಭೆಯು ಊರಿಗೆ ಒಂದು ಬಾವಿಯನ್ನು ಉಳಿಸಿ ಹೋಯಿತು. ವರುಷವರುಷದ ಹತ್ತು ದಿನಗಳು ಏನನ್ನು ಉಳಿಸಿವೆ? ಆ ಅಧಿವೇಶನದ ಶತಮಾನೋತ್ಸವದ ಅಂಗವಾಗಿ ೨೦೨೫ರ ಜನವರಿಯಲ್ಲಿ ಸೌಧದ ಮುಂದೆ ಗಾಂಧೀಜಿಯವರ ಪ್ರತಿಮೆಯನ್ನು ಅನಾವರಣ ಮಾಡಿದರು. ಪ್ರತಿಮೆಯು ಅಲ್ಲಿ ಹನ್ನೆರಡು ತಿಂಗಳೂ ಇರುತ್ತದೆ. ಕಾರ್ಯದರ್ಶಿಗಳು ಇರುವದಿಲ್ಲ.

ಇನ್ನೊಂದು ಸಂಗತಿಯನ್ನು ಹೇಳಲು ನಮಗೆ ನಾಚಿಕೆಯಾದರೂ ಹೇಳಬೇಕು. ಮುಂಬಯಿ ಇಲಾಖೆಯ ದಕ್ಷಿಣ ವಿಭಾಗದ ಕಮಿಷನರನು ಆಂಗ್ಲರ ಕಾಲದಲ್ಲಿ ಕೂಡ್ರುತ್ತಿದ್ದುದು ಬೆಳಗಾವಿಯಲ್ಲಿ. ಕನ್ನಡದ ಜಿಲ್ಲೆಗಳಷ್ಟೇ ಅಲ್ಲ, ಕೊಂಕಣದ ರತ್ನಾಗಿರಿಯವರು ಕೂಡ ಅವನ ಕಚೇರಿಗೆ ಇಲ್ಲಿಗೇ ಬರಬೇಕಾಗುತ್ತಿತ್ತು. ಪರಕೀಯನು ನಮ್ಮ ಹಿತಕ್ಕಾಗಿ ಹಾಗೆ ಮಾಡಿದನೆಂದಲ್ಲ, ತನ್ನ ವಸೂಲಿಯ ಅನುಕೂಲಕ್ಕೆ ಮಾಡಿದನು. ಆದರೂ ತೀರ್ಮಾನ ಮಾಡುವವನು ತೀರ್ಮಾನಕ್ಕೆ ಒಳಗಾಗುವವರ ನಡುವೆ ಇರಬೇಕೆಂಬ ಕಾರಭಾರದ ಮೊದಲ ಪಾಠವು ಅವನಿಗೆ ತಿಳಿದಿತ್ತು. ೧೯೫೬ರ ನವೆಂಬರ ೧ರಂದು ಐದು ಆಡಳಿತಗಳಲ್ಲಿ ಹರಿದು ಹಂಚಿಹೋಗಿದ್ದ ಕನ್ನಡಿಗರು ಒಂದಾದಾಗ ನಕಾಶೆಯು ಒಂದಾಯಿತು. ಕಚೇರಿಯು ಮಾತ್ರ ಮುಂಬಯಿಯಿಂದ ಬೆಂಗಳೂರಿಗೆ ಹೋಯಿತು. ಮುಂಬಯಿಯೂ ೫೦೦ ಕಿಲೋಮೀಟರು, ಬೆಂಗಳೂರೂ ೫೦೦ ಕಿಲೋಮೀಟರು!

ಹೆಸರು ಕೊಡುವದರಲ್ಲಿ ನಮ್ಮ ಸರಕಾರಗಳು ಎಂದೂ ಕೃಪಣತನ ಮಾಡಿಲ್ಲ. ೨೦೧೪ರಲ್ಲಿ ಬೆಳಗಾಂ ಎಂಬದು ಬೆಳಗಾವಿಯಾಯಿತು, ೨೦೨೧ರಲ್ಲಿ ಮುಂಬಯಿ ಕರ್ನಾಟಕವು ಕಿತ್ತೂರು ಕರ್ನಾಟಕವಾಯಿತು. ಎರಡೂ ಒಳ್ಳೆಯವೇ, ನಾವು ಸ್ವಾಗತಿಸಿದ್ದೇವೆ. ಕಚೇರಿಗಳ ವಿಷಯಕ್ಕೆ ಬಂದರೆ ಮಾತ್ರ ಘೋಷಣೆಗಳು ಮುಖ್ಯಮಂತ್ರಿಯಿಂದ ಮುಖ್ಯಮಂತ್ರಿಗೆ ಆಸ್ತಿಯಂತೆ ಬಂದಿವೆ. ಕೆಲವು ಜಿಲ್ಲಾ ಕಚೇರಿಗಳನ್ನು ಸೌಧದ ಕೋಣೆಗಳಿಗೆ ಒಯ್ದದ್ದು ನಿಜ. ಆದರೆ ಅವು ಮೊದಲೇ ಬೆಳಗಾವಿಯಲ್ಲಿದ್ದವು! ಊರ ನಡುವೆ ನಡೆದುಹೋಗಿ ಮುಗಿಸುತ್ತಿದ್ದ ಕೆಲಸಕ್ಕೆ ಈಗ ಹೆದ್ದಾರಿ ಹಿಡಿದು ಸೌಧಕ್ಕೆ ಹೋಗಬೇಕಾಗಿದೆ. ಖಾನಾಪುರದಿಂದ ಬಸ್ಸಿನಲ್ಲಿ ಬಂದ ರೈತನು ಮತ್ತೊಂದು ಬಸ್ಸು ಹುಡುಕಬೇಕು. ಬೆಂಗಳೂರಿನಿಂದ ಅಧಿಕಾರವು ಬರಬೇಕೆಂದು ನಾವು ಕೇಳಿದೆವು. ಬೆಳಗಾವಿಯಲ್ಲಿದ್ದುದನ್ನು ಅತ್ತಿತ್ತ ಸರಿಸಿ ಕೊಟ್ಟಿದ್ದಾರೆ.

ಈಗ ಹೊಸದೊಂದು ಉತ್ತರವು ಕೇಳಿಬರುತ್ತದೆ. ಕಡತಗಳೆಲ್ಲ ಗಣಕಯಂತ್ರದೊಳಗೆ ಹೋಗಿವೆ, ಗುಂಡಿ ಒತ್ತಿದರೆ ಅರ್ಜಿಯು ಕ್ಷಣದಲ್ಲಿ ಬೆಂಗಳೂರನ್ನು ಮುಟ್ಟುತ್ತದೆ, ಇನ್ನು ಅಧಿಕಾರಿ ಎಲ್ಲಿ ಕೂತರೇನು ಎಂಬದು ಆ ಉತ್ತರ. ಯಂತ್ರದ ಉಪಕಾರವನ್ನು ನಾವು ಅಲ್ಲಗಳೆಯುವದಿಲ್ಲ. ಈ ಶತಮಾನದ ಆರಂಭದಲ್ಲಿ ‘ಭೂಮಿ’ ಯೋಜನೆಯು ರಾಜ್ಯದ ಸುಮಾರು ೨ ಕೋಟಿ ಉತಾರಗಳನ್ನು ಗಣಕಯಂತ್ರಕ್ಕೆ ಏರಿಸಿದಾಗ, ತಲಾಠಿಯ ಚೀಲದ ಹಿಂದೆ ವಾರಗಟ್ಟಲೆ ತಿರುಗುವ ದೈನ್ಯವು ಬಹಳ ಮಟ್ಟಿಗೆ ತಪ್ಪಿತು. ಆದರೆ ಅಧಿಕಾರಿ ಎಲ್ಲಿ ಕೂತರೇನು ಎಂಬದು ನಿಜವಾದರೆ, ಅವನು ಹಲಗಾದಲ್ಲಿ ಯಾಕೆ ಕೂಡ್ರಬಾರದು? ಕಡತಕ್ಕೆ ದೂರವಿಲ್ಲವೆಂದ ಬಳಿಕ ಬೆಂಗಳೂರಿನ ಮಂತ್ರಿಗೆ ಬೆಳಗಾವಿಯ ಕಾರ್ಯದರ್ಶಿಯು ದೂರವಾಗುವದಿಲ್ಲ. ದೂರವಿರುವದು ಅರ್ಜಿದಾರನಿಗೆ ಮಾತ್ರ. ಹೀಗೆ ಕೇಳಿದೊಡನೆ, ಎದುರು ಕೂತು ಮಾತಾಡದೆ ಸರಕಾರ ನಡೆಯುವದಿಲ್ಲವೆಂದು ಮಾತು ತಿರುಗುತ್ತದೆ! ಎದುರು ಕೂತು ಮಾತಾಡುವ ಅಗತ್ಯವು ಮಂತ್ರಿ-ಕಾರ್ಯದರ್ಶಿಗಳಿಗೆ ಉಂಟು, ಖಾನಾಪುರದ ರೈತನಿಗೆ ಇಲ್ಲವೆಂಬದು ಯಾವ ನ್ಯಾಯ?

ಈ ವಾದವನ್ನು ಜಮ್ಮು-ಕಾಶ್ಮೀರದವರು ಒಮ್ಮೆ ಪರೀಕ್ಷಿಸಿ ನೋಡಿದ್ದಾರೆ. ಅಲ್ಲಿಯ ಕಚೇರಿಗಳು ೧೮೭೨ರಿಂದ ಆರು ತಿಂಗಳು ಶ್ರೀನಗರದಲ್ಲಿ, ಆರು ತಿಂಗಳು ಜಮ್ಮುವಿನಲ್ಲಿ ಕೂಡುತ್ತಿದ್ದವು. ಕಾಗದಪತ್ರಗಳು ಯಂತ್ರಕ್ಕೆ ಸೇರಿದವು, ವೃಥಾ ಖರ್ಚು ಬೇಡವೆಂದು ೨೦೨೧ರಲ್ಲಿ ಆ ಪದ್ಧತಿಯನ್ನು ನಿಲ್ಲಿಸಿದರು. ಕಡತಗಳಿಗೇನೂ ತೊಂದರೆಯಾಗಲಿಲ್ಲ, ಆದರೆ ಜಮ್ಮುವಿನ ವರ್ತಕರೂ ನಾಗರಿಕರೂ ತಮ್ಮ ಊರು ಬಡವಾಯಿತೆಂದು ಮೊರೆಯಿಟ್ಟರು. ೨೦೨೫ರ ನವೆಂಬರದಲ್ಲಿ ಕಚೇರಿಗಳು ಮತ್ತೆ ಜಮ್ಮುವಿಗೆ ಬಂದವು. ಗಂಟುಮೂಟೆ ಕಟ್ಟಿಕೊಂಡು ವರುಷಕ್ಕೆರಡು ಸಲ ಅಲೆಯುವದನ್ನು ನಾವು ಕೇಳುತ್ತಿಲ್ಲ. ಒಮ್ಮೆ ಬಂದು ನೆಲೆಯೂರಿರಿ ಎಂದಷ್ಟೇ ಕೇಳುತ್ತಿದ್ದೇವೆ.

ನೆಲೆಯೂರಿದರೆ ಏನಾಗುತ್ತದೆಂಬದಕ್ಕೆ ನಮ್ಮಲ್ಲಿಯೇ ಸಾಕ್ಷಿಯುಂಟು. ೨೦೦೮ರಲ್ಲಿ ಧಾರವಾಡಕ್ಕೆ ಉಚ್ಚ ನ್ಯಾಯಾಲಯದ ಸಂಚಾರಿ ಪೀಠವು ಬಂದಿತು. ೨೦೧೩ರಲ್ಲಿ ಅದು ಕಾಯಂ ಆಯಿತು. ಬರುವ ಮೊದಲು ಕೇಳಿದ ಆಕ್ಷೇಪಗಳೆಷ್ಟು! ರಾಜ್ಯವು ಒಡೆಯುವದು, ಕಕ್ಷಿದಾರರು ಸಿಕ್ಕುವದಿಲ್ಲ, ನ್ಯಾಯಮೂರ್ತಿಗಳು ಬರಲೊಲ್ಲರು ಎಂದೆಲ್ಲ. ಈಗ ನಮ್ಮ ಕಡೆಯ ಬಡ ಕಕ್ಷಿದಾರನು ಬೆಳಿಗ್ಗೆ ಹೊರಟು ರಾತ್ರಿಗೆ ಮನೆ ಸೇರುತ್ತಾನೆ. ನ್ಯಾಯಾಲಯವು ಬಂದದ್ದರಿಂದ ರಾಜ್ಯವು ಒಡೆಯಲಿಲ್ಲ. ಬೇರೆ ರಾಜ್ಯ ಬೇಕೆನ್ನುವವರ ಚೀಲದೊಳಗಿಂದ ಒಂದು ಕಾರಣ ಕಡಿಮೆಯಾಯಿತು. ನಮ್ಮ ವಾಚಕರಲ್ಲಿ ಬಹು ಜನ ಮಾಸ್ತರರಿದ್ದೀರಿ. ಧಾರವಾಡದಲ್ಲಿ ಶಿಕ್ಷಣ ಖಾತೆಯ ಅಪರ ಆಯುಕ್ತರ ಕಚೇರಿಯಲ್ಲಿ ತೀರುವ ಕೆಲಸಕ್ಕೂ, ಅಲ್ಲಿ ತೀರದೆ ಬೆಂಗಳೂರಿಗೆ ಹೋಗುವ ಕೆಲಸಕ್ಕೂ ಎಷ್ಟು ಅಂತರವೆಂಬದನ್ನು ನಾವು ನಿಮಗೆ ಹೇಳಬೇಕಾಗಿಲ್ಲ.

ಖಾನಾಪುರ ತಾಲೂಕಿನ ಪಡುವಣ ಅಂಚಿಗೆ ಹೋಗಿ ನೋಡಿರಿ. ೨೦೧೧ರಲ್ಲಿ ಭೀಮಗಡದ ಕಾಡು ವನ್ಯಜೀವಿ ಧಾಮವಾಯಿತು. ಕಾಡು ಉಳಿಯಬೇಕು, ಅದರಲ್ಲಿ ನಮಗೆ ಎರಡು ಮಾತಿಲ್ಲ; ಮಹದಾಯಿ ಮಲಪ್ರಭೆಗಳೆರಡೂ ಹುಟ್ಟುವ ತಾಲೂಕು ಅದು. ಆದರೆ ಆ ಕಾಡಿನೊಳಗೆ ಹಳ್ಳಿಗಳಿವೆ. ೨೦೨೪ರ ಜುಲೈ ತಿಂಗಳ ಮಳೆಯಲ್ಲಿ ಆಮಗಾಂವದ ಒಬ್ಬ ಹೆಣ್ಣುಮಗಳಿಗೆ ಎದೆನೋವು ಬಂದಾಗ, ಗಾಡಿ ಬರುವ ದಾರಿಯಿಲ್ಲದೆ ಊರವರು ಆಕೆಯನ್ನು ಕಟ್ಟಿಗೆಯ ಅಡ್ಡೆಗೆ ಕಟ್ಟಿ, ಕೆಸರು ತುಳಿದು, ಹಳ್ಳ ದಾಟಿ ಹೊತ್ತು ತಂದರು. ಅಂಥ ಊರಿಗೆ ರಸ್ತೆಯನ್ನು ಕೊಡಬೇಕೋ, ಒಪ್ಪಿದವರಿಗೆ ಪರಿಹಾರ ಕೊಟ್ಟು ಬೇರೆಡೆ ನೆಲೆಗೊಳಿಸಬೇಕೋ ಎಂಬದು ಕಠಿಣವಾದ ಪ್ರಶ್ನೆ. ಹಳ್ಳಿಯವರಲ್ಲಿಯೇ ಅದಕ್ಕೆ ಎರಡು ಅಭಿಪ್ರಾಯಗಳುಂಟು. ಆದರೆ ಅದನ್ನು ನಿರ್ಣಯಿಸುವ ಮುಖ್ಯ ವನ್ಯಜೀವಿ ಪರಿಪಾಲಕರು ಇರುವದು ಬೆಂಗಳೂರಿನಲ್ಲಿ. ಅಲ್ಲಿಂದ ಮುಂದಿನ ಮಂಡಳಿಯು ದಿಲ್ಲಿಯಲ್ಲಿ. ಮಳೆಗಾಲದಲ್ಲಿ ಒಮ್ಮೆ ಆ ಹಳ್ಳವನ್ನು ಕಣ್ಣಾರೆ ಕಂಡವನು ಆ ಕಡತವನ್ನು ಮೇಜಿನ ಮೇಲೆ ಹೆಚ್ಚು ದಿನ ಇರಗೊಡನೆಂದು ನಮ್ಮ ನಂಬಿಕೆ.

ಕಬ್ಬಿನ ಮಾತೂ ಹೀಗೆಯೇ. ೨೦೨೫ರ ನವೆಂಬರದಲ್ಲಿ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಸಾವಿರಾರು ರೈತರು ಟನ್ನಿಗೆ ೩,೫೦೦ ರೂಪಾಯಿ ಬೇಕೆಂದು ಹಗಲಿರುಳು ಕೂತರು. ಕಬ್ಬು ಇಲ್ಲಿ, ಕಾರಖಾನೆ ಇಲ್ಲಿ, ರೈತ ಇಲ್ಲಿ. ೩,೩೦೦ ಎಂದು ಗೊತ್ತಾದದ್ದು ನವೆಂಬರ ೭ರಂದು, ಮುಖ್ಯಮಂತ್ರಿಗಳು ಬೆಂಗಳೂರಿನಲ್ಲಿ ಕರೆದ ಸಭೆಯಲ್ಲಿ. ಅದೇ ಜಿಲ್ಲೆಯಲ್ಲಿ ಸರಕಾರದ್ದೇ ಆದ ಅಷ್ಟು ದೊಡ್ಡ ಸಭಾಗೃಹವು ಬೀಗ ಹಾಕಿಕೊಂಡು ನಿಂತಿರುವಾಗ ಆ ಸಭೆಯನ್ನು ಇಲ್ಲಿಯೇ ಕರೆಯಬಾರದಾಗಿತ್ತೇ? ರಸ್ತೆಯಲ್ಲಿ ಕೂತವರು ಮಂತ್ರಿಗಳ ಮುಖವನ್ನು ನೋಡಿ ಮಾತಾಡುತ್ತಿದ್ದರು. ಬಹುಶಃ ಒಂದೆರಡು ದಿನ ಮೊದಲೇ ಏಳುತ್ತಿದ್ದರು.

ಗಡಿಯ ಪ್ರಶ್ನೆಯನ್ನು ಹಿಡಿದು ನಮ್ಮೊಡನೆ ವಾದಿಸುವ ಮರಾಠಿ ನೆರೆಯವರ ವಿಷಯವಾಗಿಯೂ ಒಂದು ಮಾತು. ಖಾನಾಪುರದ ಹಳ್ಳಿಗಳಲ್ಲಿ ಮರಾಠಿಯಾಡುವ ಒಕ್ಕಲಿಗನಿಗೂ ಹಳ್ಳದ ಸೇತುವೆ ಬೇಕು, ಅವನ ಉತಾರದ ತಪ್ಪೂ ತಿದ್ದಬೇಕು. ಕರ್ನಾಟಕದ ಕಚೇರಿಯಲ್ಲಿ ಆ ಕೆಲಸವು ವೇಳೆಗೆ ಸರಿಯಾಗಿ ಆದರೆ, ಮುಂಬಯಿಯ ಭಾಷಣಕಾರನ ಮಾತಿಗೆ ಕಿವಿಗೊಡಲು ಅವನಿಗೆ ಪುರಸತ್ತಿರಲಿಕ್ಕಿಲ್ಲ. ಮಹಾಜನ ಆಯೋಗದ ೧೯೬೭ರ ವರದಿಯನ್ನು ನೂರು ಸಲ ಓದಿ ಹೇಳುವದರಿಂದ ಆಗದ ಕೆಲಸವು ಒಬ್ಬ ದಕ್ಷ ಅಧಿಕಾರಿಯಿಂದ ಆದೀತು.

ಅಧಿಕಾರಿಗಳ ತೊಂದರೆಯನ್ನೂ ನಾವು ಬಲ್ಲೆವು. ಮಕ್ಕಳ ಶಾಲೆ, ಮನೆಯವರ ನೌಕರಿ, ವಯಸ್ಸಾದ ತಂದೆತಾಯಿಗಳ ಔಷಧೋಪಚಾರ, ಇವು ಸುಳ್ಳು ಕಾರಣಗಳಲ್ಲ. ಆದರೆ ಬೆಳಗಾವಿಯು ಕಾಡುಮೇಡಲ್ಲ. ಇಲ್ಲಿ ವೈದ್ಯಕೀಯ ಕಾಲೇಜುಗಳಿವೆ, ತಾಂತ್ರಿಕ ವಿಶ್ವವಿದ್ಯಾಲಯವಿದೆ, ವಿಮಾನ ಇಳಿಯುವ ನಿಲ್ದಾಣವಿದೆ. ಸೌಧದ ಸುತ್ತ ೧೨೭ ಎಕರೆ ಇದ್ದೂ ನೌಕರರಿಗೆ ಬೇಕಾದಷ್ಟು ವಸತಿಯನ್ನು ಮೊದಲು ಕಟ್ಟದೆ ಗುಮ್ಮಟವನ್ನು ಮೊದಲು ಕಟ್ಟಿದ್ದು ಯೋಜಕರ ತಪ್ಪು. ನಮ್ಮವರ ತಪ್ಪೂ ಸಣ್ಣದಲ್ಲ. ದೀಪಾಲಂಕಾರದಲ್ಲಿ ಹೊಳೆಯುವ ಸೌಧದ ಚಿತ್ರವನ್ನು ಒಬ್ಬರಿಗೊಬ್ಬರು ಕಳಿಸಿ ಹಿಗ್ಗುವವರು, ಒಳಗೆ ಯಾವ ಖಾತೆ ಇದೆ, ಯಾರು ಕೂತಿದ್ದಾರೆ ಎಂದು ವಿಚಾರಿಸಿದ್ದು ಕಡಿಮೆ. ಬೆಳಗಾವಿಯಲ್ಲಿ ಅಧಿವೇಶನ ಬೇಕೆಂದು ಗುಡುಗಿದ ನಮ್ಮ ಶಾಸಕರು, ಬೆಳಗಾವಿಯಲ್ಲಿ ಕಾರ್ಯದರ್ಶಿ ಬೇಕೆಂದು ಅದೇ ಸ್ವರದಲ್ಲಿ ಗುಡುಗಿಲ್ಲ.

ಎಲ್ಲ ಖಾತೆಗಳೂ ಒಮ್ಮೆಲೆ ಬರಲಿ ಎಂದು ನಾವು ಹಟ ಹಿಡಿಯುವದಿಲ್ಲ. ನೀರಾವರಿ, ಅರಣ್ಯ, ಕಂದಾಯ, ಸಕ್ಕರೆ, ಶಿಕ್ಷಣ ಈ ಐದಕ್ಕೆ ಕಾರ್ಯದರ್ಶಿಯ ದರ್ಜೆಯ ಒಬ್ಬೊಬ್ಬ ಅಧಿಕಾರಿಯು ಹನ್ನೆರಡು ತಿಂಗಳೂ ಸೌಧದಲ್ಲಿರಬೇಕು. ಬೆಳಗಾವಿ ವಿಭಾಗದ ಏಳು ಜಿಲ್ಲೆಗಳ ಕಡತಗಳ ಮೇಲೆ, ಒಂದು ಗೊತ್ತಾದ ಮೊತ್ತದವರೆಗೆ, ಬೆಂಗಳೂರನ್ನು ಕೇಳದೆ ಸಹಿ ಮಾಡುವ ಅಧಿಕಾರವನ್ನು ಅವರಿಗೆ ಬರೆದು ಕೊಡಬೇಕು. ವಾರದಲ್ಲಿ ಒಂದು ದಿನ ಅರ್ಜಿದಾರರನ್ನು ಎದುರಿಗೆ ಕರೆದು ಕೇಳಬೇಕು. ಖಾನಾಪುರ, ಬೈಲಹೊಂಗಲ, ಅಥಣಿಗಳಿಂದ ಆ ದಿನ ನೇರವಾಗಿ ಸೌಧದ ಬಾಗಿಲಿಗೇ ಬಸ್ಸು ಬರಬೇಕು. ಇದಕ್ಕೆ ಹೊಸ ಕಟ್ಟಡ ಬೇಡ, ಹೊಸ ಕಾಯದೆಯೂ ಬೇಡ. ಮಂತ್ರಿಮಂಡಲದ ಒಂದು ನಿರ್ಣಯ ಸಾಕು. ಅದನ್ನು ಬರುವ ಚಳಿಗಾಲದ ಅಧಿವೇಶನದಲ್ಲಿ, ಕಡೆಯ ದಿನದ ಮಧ್ಯಾಹ್ನಕ್ಕಲ್ಲ, ಮೊದಲನೆಯ ದಿನದ ಬೆಳಿಗ್ಗೆ ಮಂಡಿಸುವಂತೆ ಬೆಳಗಾವಿ ಜಿಲ್ಲೆಯ ಹದಿನೆಂಟೂ ಶಾಸಕರು ಪಕ್ಷಭೇದ ಬಿಟ್ಟು ಈಗಲೇ ಸಭಾಧ್ಯಕ್ಷರಿಗೆ ಬರೆದು ಕೊಡಲಿ. ಸಹಿ ಹಾಕಿದವರು ಯಾರು, ಹಾಕದವರು ಯಾರು ಎಂಬ ಪಟ್ಟಿಯನ್ನು ಪ್ರಕಟಿಸಲು ನಮ್ಮ ಅಂಕಣದಲ್ಲಿ ಜಾಗವನ್ನು ಕಾಯ್ದಿರಿಸಿದ್ದೇವೆ.