ಗೇನ್ ಜಾರಿದ್ದು ಗೊತ್ತಾಗಬೇಕಾದರೆ

ರೇಡಿಯೊ ರಿಸೀವರ್‌ನ ಗೇನ್, ಅಂದರೆ ಅದು ಸಂಕೇತವನ್ನು ಹೆಚ್ಚಿಸುವ ಪ್ರಮಾಣ, ಬಿಸಿ ಏರಿದಂತೆ ಇಳಿಯುತ್ತದೆ, ತಂಪಾದಂತೆ ಏರುತ್ತದೆ. ಆಂಟೆನಾಕ್ಕೆ ಬಂದ ಕ್ಷೀಣ ಸಂಕೇತವನ್ನು ಲಕ್ಷಾಂತರ ಪಟ್ಟು ಹೆಚ್ಚಿಸುವ ಟ್ರಾನ್ಸಿಸ್ಟರ್‌ಗಳ ಸ್ವಭಾವವೇ ಅಂಥದ್ದು. ಒಂದು ಹಂತದ ಆಂಪ್ಲಿಫೈಯರ್‌ನಲ್ಲಿ ಈ ವ್ಯತ್ಯಾಸ ಸಾಮಾನ್ಯವಾಗಿ ಡಿಗ್ರಿಗೆ 0.01ರಿಂದ 0.02 ಡೆಸಿಬೆಲ್. ಕೇಳಲು ಅತ್ಯಲ್ಪ. ಆದರೆ ಹುಬ್ಬಳ್ಳಿ-ಧಾರವಾಡ ನಡುವಿನ ಸತ್ತೂರಿನಲ್ಲಿ ಕಂಬದ ಮೇಲೆ ಕೂರಿಸಿದ ಲೋಹದ ಪೆಟ್ಟಿಗೆಯನ್ನು ಲೆಕ್ಕಕ್ಕೆ ಹಿಡಿಯಬಹುದು. ಚಳಿಗಾಲದ ನಸುಕಿನಲ್ಲಿ ಅದರೊಳಗೆ 15 ಡಿಗ್ರಿ ಇದ್ದರೆ, ಏಪ್ರಿಲ್ ಮಧ್ಯಾಹ್ನದ ನೇರ ಬಿಸಿಲಿಗೆ 60ರ ಆಸುಪಾಸಿಗೆ ಹೋಗುತ್ತದೆ. ನಾಲ್ಕು ಹಂತಗಳ ರಿಸೀವರ್ ಆದರೆ 45 ಡಿಗ್ರಿ ಅಂತರದಲ್ಲಿ, ನಡುವಿನ ಬೆಲೆ ಹಿಡಿದರೂ, 2.7 ಡೆಸಿಬೆಲ್ ಹೋಯಿತು. ಅಂದರೆ ಹೊರಬರುವ ಶಕ್ತಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು.

ಹಾಡು, ವಾರ್ತೆ ಕೇಳುವವರಿಗೆ ಇದರಿಂದ ಬಾಧಕವಿಲ್ಲ. ರಿಸೀವರ್‌ನಲ್ಲಿರುವ ಸ್ವಯಂಚಾಲಿತ ಗೇನ್ ನಿಯಂತ್ರಣ ಹೊರಬರುವ ಮಟ್ಟವನ್ನು ಅಳೆದು, ಕಡಿಮೆಯಾದರೆ ಗೇನ್ ಏರಿಸಿ ಸರಿದೂಗಿಸುತ್ತದೆ. ಸಂಕೇತದ ಬಲವನ್ನೇ ಅಳೆಯಬೇಕಾದ ಕಡೆ ಈ ಉಪಾಯವೇ ತೊಡಕು. ಮಟ್ಟ ಇಳಿದದ್ದು ಸಂಕೇತ ಸೊರಗಿದ್ದರಿಂದಲೋ ಟ್ರಾನ್ಸಿಸ್ಟರ್ ಕಾದದ್ದರಿಂದಲೋ ಎಂಬುದು ಅದಕ್ಕೆ ತಿಳಿಯದು; ಎರಡನ್ನೂ ಒಂದೇ ಎಂದು ತಿದ್ದಿ, ಅಳೆಯಬೇಕಾದದ್ದನ್ನೇ ಅಳಿಸಿಬಿಡುತ್ತದೆ.

ಅಗ್ಗದ ಪರಿಹಾರ ಥರ್ಮಿಸ್ಟರ್. ಪೆಟ್ಟಿಗೆಯ ತಾಪಮಾನ ನೋಡಿ, ಮೊದಲೇ ಬರೆದಿಟ್ಟ ಕೋಷ್ಟಕದ ಪ್ರಕಾರ ಗೇನ್ ತಿದ್ದುವುದು. ಇದರಲ್ಲಿ ಗೇನ್ ಎಷ್ಟಿದೆಯೆಂದು ಯಾರೂ ನೋಡುವುದಿಲ್ಲ, ಎಷ್ಟಿರಬಹುದೆಂದು ಊಹಿಸುತ್ತಾರೆ ಅಷ್ಟೆ. ಥರ್ಮಿಸ್ಟರ್ ಒಂದು ಮೂಲೆಯಲ್ಲಿ, ಕಾಯುವ ಚಿಪ್ ಇನ್ನೊಂದು ಮೂಲೆಯಲ್ಲಿ. ಬಿಡಿಭಾಗಗಳು ಹಳತಾದಂತೆ ಕೋಷ್ಟಕವೂ ಸುಳ್ಳಾಗುತ್ತದೆ. ಕಾರ್ಖಾನೆಯಿಂದ ಸಾವಿರಗಟ್ಟಲೆ ಹೊರಬೀಳುವ ಸಾಮಾನ್ಯ ಉಪಕರಣಕ್ಕೆ ಇದು ನಡೆದೀತು, ಅಳತೆಯ ಉಪಕರಣಕ್ಕೆ ಸಲ್ಲ.

ಗೇನನ್ನೇ ಅಳೆಯುವುದು ಪವರ್ ಡಿಟೆಕ್ಟರ್. ರೇಡಿಯೊ ತರಂಗದ ಶಕ್ತಿಯನ್ನು ಅದು ನೇರ ವೋಲ್ಟೇಜ್ ಆಗಿ ಕೊಡುತ್ತದೆ. ಸರಳ ರೂಪದಲ್ಲಿ ಇದೊಂದು ಷಾಟ್ಕಿ ಡಯೋಡ್. ಈಗ ಹೆಚ್ಚು ಬಳಕೆಯಲ್ಲಿರುವುದು ಲಾಗರಿದಮಿಕ್ ಚಿಪ್‌ಗಳು. ಅನಲಾಗ್ ಡಿವೈಸಸ್ ಕಂಪನಿಯ ಎಡಿ8318 ಎಂಬ ಚಿಪ್ ಡೆಸಿಬೆಲ್‌ಗೆ ಸುಮಾರು 25 ಮಿಲಿವೋಲ್ಟ್ ವ್ಯತ್ಯಾಸ ತೋರಿಸುತ್ತದೆ. 0.1 ಡೆಸಿಬೆಲ್ ಹಿಡಿಯಬೇಕಾದರೆ 2.5 ಮಿಲಿವೋಲ್ಟನ್ನು ನಂಬಬೇಕು. ಅದೇ ಚಿಪ್ ತಾಪಮಾನಕ್ಕೆ ತಾನೂ ಅರ್ಧ ಡೆಸಿಬೆಲ್‌ನಷ್ಟು ಅತ್ತಿತ್ತ ಸರಿಯಬಲ್ಲದು. ಬಿಸಿಲಿಗೆ ಹಿಗ್ಗುವ ಕೋಲಿನಿಂದ ಹೊಲ ಅಳೆದಂತೆ.

ಪಾರಾಗುವ ದಾರಿ ಎರಡು ಡಿಟೆಕ್ಟರ್ ಇಡುವುದು. ರಿಸೀವರ್‌ನ ಬಾಯಿಗೆ ಬರುವ ನಿಜವಾದ ಸಂಕೇತ ಯಾವ ಡಿಟೆಕ್ಟರ್‌ಗೂ ಕಾಣದಷ್ಟು ಕ್ಷೀಣ. ಆದ್ದರಿಂದ ಪ್ರಬಲವಾದ ಒಂದು ಪರೀಕ್ಷಾ ಸಂಕೇತ ಹುಟ್ಟಿಸಿ, ಅದನ್ನು ಮೊದಲನೆಯ ಡಿಟೆಕ್ಟರ್‌ನಿಂದ ಅಳೆದು, ಬಳಿಕ ಸ್ಥಿರ ರೆಸಿಸ್ಟರ್‌ಗಳ ಅಟೆನ್ಯುಯೇಟರ್ ಮೂಲಕ ತಗ್ಗಿಸಿ ಒಳಗೆ ಬಿಡುತ್ತಾರೆ. ಇನ್ನೊಂದು ತುದಿಯಲ್ಲಿ ಅದನ್ನೇ ಎರಡನೆಯ ಡಿಟೆಕ್ಟರ್ ಅಳೆಯುತ್ತದೆ. ಎರಡೂ ಒಂದೇ ಸಿಲಿಕಾನ್ ಚೂರಿನ ಮೇಲಿದ್ದರೆ ಒಟ್ಟಿಗೇ ಕಾಯುತ್ತವೆ, ಒಟ್ಟಿಗೇ ಸರಿಯುತ್ತವೆ. ಒಂದರಿಂದ ಇನ್ನೊಂದನ್ನು ಕಳೆದಾಗ ಆ ದೋಷ ಬಹುಪಾಲು ಬಿದ್ದುಹೋಗಿ ಗೇನ್ ಮಾತ್ರ ಉಳಿಯುತ್ತದೆ. ಎಡಿ8302 ಚಿಪ್‌ನಲ್ಲಿ ಇಂಥ ಜೋಡಿಯೇ ಇದೆ. ಅಟೆನ್ಯುಯೇಟರ್ ತಗ್ಗಿಸುವಷ್ಟನ್ನೇ ರಿಸೀವರ್ ಏರಿಸುವಂತಿದ್ದರೆ ಎರಡೂ ಡಿಟೆಕ್ಟರ್‌ಗಳಿಗೆ ಸಮಾನ ಮಟ್ಟ ಸಿಕ್ಕಿ ಫಲಿತಾಂಶ ಇನ್ನೂ ಚೊಕ್ಕ. ತಿದ್ದುಪಡಿ ಮಾತ್ರ ನಿಧಾನವಾಗಿರಬೇಕು. ತಾಪಮಾನ ಬದಲಾಗುವುದು ನಿಮಿಷಗಳ ಲೆಕ್ಕದಲ್ಲಿ. ಅವಸರದ ತಿದ್ದುಪಡಿಯಿಂದ ಹೊಸ ಗದ್ದಲ ಸೇರುತ್ತದೆ ಅಷ್ಟೆ.

ಗೊತ್ತಿರುವುದರೊಂದಿಗೆ ಹೋಲಿಸುವ ಈ ತತ್ವ ಹಳೆಯದು. ಆಂಟೆನಾ ಮತ್ತು ಪರಿಚಿತ ಉಷ್ಣತೆಯ ಲೋಡ್ ನಡುವೆ ರಿಸೀವರನ್ನು ಬೇಗಬೇಗ ಬದಲಿಸುವ ವಿಧಾನವನ್ನು ಅಮೆರಿಕದ ರಾಬರ್ಟ್ ಡಿಕಿ 1946ರಲ್ಲೇ ಪ್ರಕಟಿಸಿದ್ದರು. ಅದು ಎಷ್ಟು ದೂರ ಹೋಗಬಲ್ಲದೆಂಬುದಕ್ಕೆ ಕರ್ನಾಟಕದಲ್ಲೇ ಉದಾಹರಣೆಯಿದೆ: ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ‘ಸರಸ್ 3’ ರೇಡಿಯೊ ದೂರದರ್ಶಕ. ಮೊದಲ ನಕ್ಷತ್ರಗಳ ಕಾಲದ ಸುಳಿವೆಂದು 2018ರಲ್ಲಿ ಅಮೆರಿಕದ ‘ಎಡ್ಜಸ್’ ತಂಡ ಘೋಷಿಸಿದ್ದ, ಆಕಾಶದ ರೇಡಿಯೊ ಸಂಕೇತದಲ್ಲಿನ 78 ಮೆಗಾಹರ್ಟ್ಸ್ ಸುತ್ತಲಿನ ಅರ್ಧ ಕೆಲ್ವಿನ್ ತಗ್ಗನ್ನು ಅದು ಪರೀಕ್ಷಿಸಿತು. 2020ರ ಆರಂಭದಲ್ಲಿ ದಂಡಿಗಾನಹಳ್ಳಿ ಕೆರೆಯಲ್ಲೂ ಶರಾವತಿ ಹಿನ್ನೀರಿನಲ್ಲೂ ತೆಪ್ಪದ ಮೇಲೆ ಆಂಟೆನಾ ತೇಲಿಸಲಾಯಿತು. ಆ ಆವರ್ತನದಲ್ಲಿ ಆಕಾಶದ ಗದ್ದಲ ಸಾವಿರ ಕೆಲ್ವಿನ್‌ಗೂ ಮೀರಿದ್ದು. ಅದರಲ್ಲಿ ಅರ್ಧ ಕೆಲ್ವಿನ್ ಅಂದರೆ ಡೆಸಿಬೆಲ್‌ನ ಸಾವಿರದ ಒಂದೆರಡು ಭಾಗ. ಒಂದೇ ಒಂದು ಆಂಪ್ಲಿಫೈಯರ್ ಒಂದು ಡಿಗ್ರಿ ಕಾದರೆ ಆಗುವ ವ್ಯತ್ಯಾಸ ಅದರ ಹತ್ತು ಪಟ್ಟು. ಪರಿಚಿತ ನಾಯ್ಸ್ ಸೋರ್ಸ್‌ನೊಂದಿಗೆ ಹೋಲಿಸಿ ಹೋಲಿಸಿಯೇ ಅಳೆದ ತಂಡ, ಎಡ್ಜಸ್ ಕಂಡ ತಗ್ಗು ಆಕಾಶದ್ದಲ್ಲವೆಂದು ಶೇ 95.3ರ ಖಚಿತತೆಯೊಂದಿಗೆ 2022ರಲ್ಲಿ ‘ನೇಚರ್ ಅಸ್ಟ್ರಾನಮಿ’ಯಲ್ಲಿ ಬರೆಯಿತು.

ಇಷ್ಟು ಸೂಕ್ಷ್ಮತೆ ಎಲ್ಲರಿಗೂ ಬೇಕಿಲ್ಲ. ಆದರೆ ಆಂಪ್ಲಿಫೈಯರ್‌ನ ಗೇನನ್ನು 25 ಡಿಗ್ರಿಯಲ್ಲಿ ಒಮ್ಮೆ ಅಳೆದು ದಾಖಲೆಗೆ ಬರೆಯುವ ರೂಢಿ ಕಾಲೇಜು ಪ್ರಯೋಗಾಲಯಗಳಲ್ಲೂ ಖರೀದಿ ಟೆಂಡರ್‌ಗಳಲ್ಲೂ ಸಾಮಾನ್ಯ; ಅದು ಸಾಲದು. ಸತ್ತೂರು ಕಾಲೊನಿ ಹತ್ತಿರವೇ ಧಾರವಾಡದ ಐಐಐಟಿ ಇದೆ, ಅಲ್ಲಿ ಎಲೆಕ್ಟ್ರಾನಿಕ್ಸ್ ವಿಭಾಗವೂ ಇದೆ. ಅಂಥ ಪ್ರಯೋಗಾಲಯಕ್ಕೆ ಇಲ್ಲಿನ ಹವೆಯೇ ಪುಕ್ಕಟೆ ಪರೀಕ್ಷಾ ಕೋಣೆ. ಟೆಂಡರ್‌ನಲ್ಲಿ ಕೇಳಬೇಕಾದದ್ದು 10ರಿಂದ 60 ಡಿಗ್ರಿವರೆಗಿನ ಗೇನ್ ನಕ್ಷೆ. ಅದನ್ನು ಕಾಯಿಸುವಾಗ ಒಮ್ಮೆ, ಆರುವಾಗ ಇನ್ನೊಮ್ಮೆ ತೆಗೆದಿರಬೇಕು. ಎರಡು ಗೆರೆಗಳು ಕೂಡದಿದ್ದರೆ ತಾಪಮಾಪಕ ಕಾಣುವ ತಾಪಮಾನ ಆಂಪ್ಲಿಫೈಯರ್‌ನದ್ದಲ್ಲ ಎಂಬ ಸಂಶಯಕ್ಕೆ ಅಷ್ಟು ಸಾಕು.